ಅಗಸಿಯಲ್ಲಿ ಸಿಕ್ಕ ಕಣಕಿ ಬಂಡಿ

ನಮ್ಮ ಅಜ್ಜಿ ಹಾಲಿನ ಲೆಕ್ಕವನ್ನು ಅಡುಗೆಮನೆಯ ಗೋಡೆಯ ಮೇಲೆ ಇದ್ದಿಲಿನಿಂದ ಗೀಟು ಎಳೆದು ಇಡುತ್ತಿದ್ದಳು. ಒಂದು ದೀಪಾವಳಿಗೆ ಮೊಮ್ಮಕ್ಕಳೆಲ್ಲ ಸೇರಿ ಮನೆಗೆ ಸುಣ್ಣ ಹಚ್ಚಿದೆವು. ಗೋಡೆ ಹಾಲಿನಷ್ಟೇ ಬೆಳ್ಳಗಾಯಿತು, ಹಾಲಿನ ಲೆಕ್ಕ ಹೋಯಿತು. ಹಬ್ಬ ಮುಗಿಯುವವರೆಗೂ ಅಜ್ಜಿ ನಮಗೆ ಹೋಳಿಗೆ ಬಡಿಸಿದಳು, ಮಾತಾಡಲಿಲ್ಲ.

ರೌಟರಿನ ಫರ್ಮ್‌ವೇರ್ ಅಪ್‌ಡೇಟೂ ಇಂಥದೇ ಸುಣ್ಣ. 2020ರ ಲಾಕ್‌ಡೌನಿನಲ್ಲಿ ಬೆಂಗಳೂರು ಬಿಟ್ಟು ಅಫಜಲಪುರ ತಾಲ್ಲೂಕಿನ ನಮ್ಮ ಕರಜಗಿಗೆ ಬಂದವನು ನಾನು. ಈಗಲೂ ವರ್ಷದಲ್ಲಿ ಕೆಲವು ತಿಂಗಳು ಇಲ್ಲಿಂದಲೇ ಕೆಲಸ. ಒಂದು ರಾತ್ರಿ ನಾವೆಲ್ಲ ಮಲಗಿದ್ದಾಗ ರೌಟರು ತಾನಾಗಿ ಅಪ್‌ಡೇಟ್ ಆಗಿ, ಬೆಳಿಗ್ಗೆ ಹಸಿರು ದೀಪ ಹಚ್ಚಿಕೊಂಡು ಏನೂ ಅರಿಯದ ಕೂಸಿನ ಹಾಗೆ ಕೂತಿತ್ತು. ಆಫೀಸಿನ ವಿಪಿಎನ್‌ಗೆ ಲಾಗಿನ್ ಆಯಿತು. ಸಣ್ಣ ಮೆಸೇಜು ಹೋದವು. ಫೈಲು ತೆರೆಯಲು ಹೋದರೆ ಮಾತ್ರ ಅವ್ವ ನಾಲ್ಕು ರೊಟ್ಟಿ ಬಡಿದು ಮುಗಿಸಿದರೂ ಪರದೆಯ ಮೇಲಿನ ಗಾಲಿ ತಿರುಗುತ್ತಲೇ ಇತ್ತು.

"ಏ ತಮ್ಮಾ, ಬಂದ್ ಮಾಡಿ ಚಾಲೂ ಮಾಡ್ನೋಡು," ಎಂದ ಕಾಕಾ. ಬೋರಿನ ಮೋಟರಿನಿಂದ ಹಿಡಿದು ಅಳಿಯನ ಸಿಟ್ಟಿನವರೆಗೆ ಅವನದು ಅದೊಂದೇ ಮದ್ದು. ಮಾಡಿದೆ, ಆಗಲಿಲ್ಲ. "ನನ್ನ ಯೂಟ್ಯೂಬ್ ಛಂದ ಬರ್ತದ, ನಿನ್ನ ಆಫೀಸ್ ಯಾಕ ಬರವಲ್ದು?" ಎಂದು ಮತ್ತೆ ಕೇಳಿದ. ಈ ಕಾಟ ಶುರುವಾದ ಮೂರು ದಿನದಲ್ಲಿ ಯಾರೂ ಕೇಳದ ಸರಿಯಾದ ಪ್ರಶ್ನೆ ಅದು. ಆಫೀಸಿನವರು ನಮ್ಮ ಹಳ್ಳಿಯ ಇಂಟರ್‌ನೆಟ್ಟನ್ನು ಬೈದರು, ನಾನು ಆಫೀಸನ್ನು ಬೈದೆ. ವೈಫೈ ಬಿಟ್ಟು ಕೇಬಲ್ ಹಾಕಿದರೂ ಅದೇ ಹಾಡು. ಮೊಬೈಲಿನ ಹಾಟ್‌ಸ್ಪಾಟಿಗೆ ಹಚ್ಚಿದರೆ ಅದೇ ವಿಪಿಎನ್ ಓಡಿತು. ಅಂದರೆ ಕಳ್ಳ ಮನೆಯೊಳಗೇ ಇದ್ದ.

ಕಾಕಾನಿಗೆ ಇದನ್ನು ತಿಳಿಸಿ ಹೇಳಲು ನಮ್ಮ ಊರಬಾಗಿಲು, ಅಗಸಿಯನ್ನೇ ನೆನೆಯಬೇಕಾಯಿತು. ಅಗಸಿಯಲ್ಲಿ ಹಾಯಬೇಕಾದ ಬಂಡಿಗೆ ಒಂದು ಅಳತೆ ಉಂಟು. ಜೋಳದ ಕಣಕಿ ಹೆಚ್ಚು ಹೇರಿದರೆ ಸಿಕ್ಕಿಬೀಳುತ್ತದೆ. ಇಂಟರ್‌ನೆಟ್ಟಿನ ಬಂಡಿಗೂ ಅಳತೆ ಇದೆ, ಹೆಸರು ಎಂಟಿಯು. ಸಾಮಾನ್ಯವಾಗಿ 1500 ಬೈಟು. ನಮ್ಮ ಮನೆಯದು ಯೂಸರ್‌ನೇಮು, ಪಾಸ್‌ವರ್ಡು ಕೇಳುವ ಪಿಪಿಪಿಒಇ ಸಂಪರ್ಕ. ಅದು ತನ್ನ ಪಾಲಿಗೆ 8 ಬೈಟು ಇಟ್ಟುಕೊಳ್ಳುವುದರಿಂದ ಉಳಿಯುವುದು 1492. ವಿಪಿಎನ್ ಎಂದರೆ ಗಂಟಿನೊಳಗೆ ಗಂಟು: ಕಾಗದವನ್ನು ಲಕೋಟೆಗೆ ಹಾಕಿ, ಆ ಲಕೋಟೆಯನ್ನು ಇನ್ನೊಂದರಲ್ಲಿ ಹಾಕಿ ಅಂಟಿಸುವ ಕೆಲಸ. ಅದರಿಂದ ಹೊರೆ ಇನ್ನಷ್ಟು ಉಬ್ಬುತ್ತದೆ. ಯೂಟ್ಯೂಬಿನ ಬಂಡಿ ಮೊದಲೇ ಸಣ್ಣದು, ಸರಾಗ ಹಾಯ್ದುಹೋಗುತ್ತದೆ.

ಅಗಸಿಯಲ್ಲಿ ಬಂಡಿ ಸಿಕ್ಕರೆ ಕಟ್ಟೆಯ ಮೇಲೆ ಕೂತ ಹತ್ತು ಜನ "ಹಾಯಂಗಿಲ್ಲ, ಹೊರಿ ಇಳಸು" ಎಂದು ಕೂಗುತ್ತಾರೆ. ದಾರಿಯ ರೌಟರುಗಳೂ ಹಾಗೆ ಕೂಗಿ ಹೇಳಬೇಕು ಎಂಬ ಕ್ರಮ 1990ರಿಂದಲೂ ಇದೆ. ಆದರೆ ಭದ್ರತೆಯ ಹೆಸರಲ್ಲಿ ಎಷ್ಟೋ ಕಡೆ ಆ ಕೂಗನ್ನೇ ತಡೆದಿರುತ್ತಾರೆ. ಆಗ ಬಂಡಿ ಎಲ್ಲಿ ಹೋಯಿತೆಂದು ಕಳಿಸಿದವನಿಗೂ ತಿಳಿಯದು, ಮತ್ತೆ ಮತ್ತೆ ಅದನ್ನೇ ಹೇರಿ ಕಳಿಸುತ್ತಾನೆ. ನಾವು ಅದಕ್ಕೆ 'ಸ್ಲೋ' ಎನ್ನುತ್ತೇವೆ.

ಪರೀಕ್ಷೆಗೆ ಪಿಂಗ್ ಎಂಬ ಕಮಾಂಡು ಸಾಕು. ತುಂಡು ಮಾಡಬೇಡ ಎಂಬ ಷರತ್ತು ಹಾಕಿ 1472 ಬೈಟಿನ ಹೊರೆ ಕಳಿಸಿದೆ, ಹೋಗಲಿಲ್ಲ. ಇಳಿಸುತ್ತ ಬಂದೆ. 1464 ಹಾಯಿತು. ಅದಕ್ಕೆ ತಲೆಬರಹದ 28 ಕೂಡಿಸಿದರೆ 1492. ರೌಟರಿನ ಒಳಗೆ ನೋಡಿದರೆ, ನಾನು ಹಿಂದೆ ಬರೆದಿಟ್ಟ 1492 ಅಳಿಸಿಹೋಗಿ ಅಲ್ಲಿ 1500 ಕೂತಿತ್ತು. ಸುಣ್ಣ! ಅದನ್ನು ಮತ್ತೆ 1492 ಮಾಡಿ, ಲ್ಯಾಪ್‌ಟಾಪಿನ ವಿಪಿಎನ್ ಅಳತೆಯನ್ನು 1400ಕ್ಕೆ ಇಳಿಸಿದೆ. ಫೈಲು ತೆರೆಯಿತು. ರೊಟ್ಟಿ ಇನ್ನೂ ಹಂಚಿನ ಮೇಲಿತ್ತು.

ಅಪ್‌ಡೇಟನ್ನೇ ಬಂದ್ ಮಾಡು ಎಂದು ನನಗೆ ಹೇಳಿದವರುಂಟು. ಮಾಡಲಿಲ್ಲ. ಕಳ್ಳರು ನುಗ್ಗುವ ಕಿಂಡಿಗಳನ್ನು ಮುಚ್ಚುವುದೂ ಅದೇ. ಸುಣ್ಣ ಹಚ್ಚದ ಮನೆಯಲ್ಲಿ ಲೆಕ್ಕ ಉಳಿಯುತ್ತದೆ, ಜೊತೆಗೆ ತಿಗಣೆಯೂ.

"ಎಂಟು ಬೈಟಿಗೆ ಮೂರು ದಿನಾ ಬೇಕಾಯ್ತೇನು?" ಎಂದ ಕಾಕಾ.

ರೌಟರಿನ ಹಿಂದಿನ ಗೋಡೆಯ ಮೇಲೆ ಈಗ ಪೆನ್ಸಿಲಿನಲ್ಲಿ 1492 ಎಂದು ಬರೆದಿದ್ದೇನೆ. ದೀಪಾವಳಿಗೆ ಸುಣ್ಣ ಹಚ್ಚುವ ಹುಡುಗರಿಗೆ ಒಂದು ಮಾತು ಹೇಳಿಡಬೇಕು.