ಮಿಷನಿಗೂ ಆಸ್ರಿಗೆ

ನಮ್ಮ ಕುಂದಾಪುರದ ಕಡೆ ಮನೆಗೆ ಯಾರೇ ಬರಲಿ, ಮೊದಲು ಕೇಳುವುದು "ಆಸ್ರಿಗೆ ಎಂತ ಬೇಕ್?" ಎಂದು. ಒಂದು ತಂಬಿಗೆ ನೀರು, ಒಂದು ತುಂಡು ಬೆಲ್ಲ ಎದುರಿಗೆ ಬಂದಮೇಲೆಯೇ ಉಳಿದ ಮಾತು. ಗಂಗೊಳ್ಳಿಯ ನನ್ನ ಭಾವನ ಮನೆಯಲ್ಲಿ ಮಾತ್ರ ಈ ಮರ್ಯಾದೆ ಮನುಷ್ಯರಿಗೆ ಎರಡನೆಯ ಪಂಕ್ತಿಯಲ್ಲಿ. ಮೊದಲ ಪಂಕ್ತಿ ಅವನ ದೋಣಿಯ ಔಟ್‌ಬೋರ್ಡ್ ಮಿಷನಿನದು.

ಮನೆಯ ಹಿಂದೆಯೇ ಹೊಳೆ. ತೆಂಗಿನ ಬುಡಕ್ಕೆ ದೋಣಿ. ಕಡಲಿಂದ ಬಂದವನು ಮೀನಿನ ಬುಟ್ಟಿ ಇಳಿಸಿ ಮುಖಕ್ಕೂ ನೀರು ಹಾಕಿಕೊಳ್ಳದೆ ಬಾವಿಯ ಪಂಪಿನ ಪೈಪ್ ಎಳೆಯುತ್ತಾನೆ. ಮಿಷನನ್ನು ಎತ್ತಿ ಓರೆ ನಿಲ್ಲಿಸಿ, ಅದರ ಕಾಲಿನ ಎರಡೂ ಪಕ್ಕ ನೀರು ಹೀರುವ ಕಂಡಿಗಳಿಗೆ ರಬ್ಬರ್ ಬಟ್ಟಲುಗಳನ್ನು ಕಚ್ಚಿಸುತ್ತಾನೆ. ಥೇಟ್ ಪಟ್ಟಣದ ಹುಡುಗರ ಹೆಡ್‌ಫೋನು. ನೀರು ಬಿಟ್ಟಮೇಲೆಯೇ ಸ್ಟಾರ್ಟು, ಅದೂ ನ್ಯೂಟ್ರಲ್‌ನಲ್ಲಿ, ಸಣ್ಣ ದನಿಯಲ್ಲಿ. ನಿಲ್ಲಿಸುವಾಗ ಮೊದಲು ಮಿಷನ್, ಆಮೇಲೆ ನೀರು.

ಸಮುದ್ರದ ಒಂದು ಲೀಟರ್ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪು. ಮಿಷನ್ ಮೈ ತಣಿಸಿಕೊಳ್ಳಲು ಕುಡಿಯುವುದು ಅದನ್ನೇ. ನಿಂತಮೇಲೆ ಒಳಗೆ ಉಳಿದದ್ದು ಆರಿ, ಕಿರುಬೆರಳೂ ಹೋಗದ ಓಣಿಗಳಲ್ಲಿ ಹರಳುಗಟ್ಟುತ್ತದೆ. ಅಲ್ಯೂಮಿನಿಯಮ್ಮನ್ನು ಮೆಲ್ಲಗೆ ತಿನ್ನುತ್ತದೆ. ಉಪ್ಪು ತಿಂದವ ನೀರು ಕುಡಿಯಬೇಕು ನಿಜ, ಇಲ್ಲಿ ಕುಡಿಸುವವ ಬೇರೆ. ಎರಡು ನಿಮಿಷ ತೊಳೆದರೆ ಸಾಲದು. ಒಳಗೊಂದು ಥರ್ಮೋಸ್ಟಾಟ್ ಕೂತಿದೆ, ಮಿಷನ್ ಬಿಸಿಯಾಗದೆ ಬಾಗಿಲು ತೆಗೆಯುವುದಿಲ್ಲ. ಅದಕ್ಕೇ ಭಾವನ ಲೆಕ್ಕ ಹದಿನೈದು ನಿಮಿಷ. ಅಷ್ಟು ಹೊತ್ತೂ ಒಲೆಯ ಮೇಲೆ ಅವನ ಗಂಜಿ ಬತ್ತುತ್ತಿರುತ್ತದೆ.

ತಪ್ಪು ಮಿಷನಿನದಲ್ಲ. ಔಟ್‌ಬೋರ್ಡಿಗೆ ಹೆಸರು ತಂದ ಓಲೆ ಎವಿನ್‌ರೂಡ್ ಇದ್ದದ್ದು ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ. ತಾನು ಮದುವೆಯಾಗುವ ಹುಡುಗಿಗೆಂದು ಕೆರೆಯಾಚೆಯಿಂದ ಐಸ್‌ಕ್ರೀಮ್ ತರುತ್ತಿದ್ದನಂತೆ, ಹುಟ್ಟು ಹಾಕುತ್ತ ಬರುವಷ್ಟರಲ್ಲಿ ಅದು ಕರಗಿಹೋಯಿತಂತೆ. ಆ ಬೇಸರದಿಂದ ಹೊಳೆದ ಮಿಷನನ್ನು 1909ರಲ್ಲಿ ಮಾರುಕಟ್ಟೆಗೆ ತಂದ. ಸಿಹಿನೀರಿನ ತವರಿನ ಕೂಸನ್ನು ನಾವು ಉಪ್ಪುನೀರಿಗೆ ಮದುವೆ ಮಾಡಿಕೊಟ್ಟಿದ್ದೇವೆ. ಸ್ವಲ್ಪ ಉಪಚಾರ ಕೇಳಿದರೆ ಕೊಡಬೇಡವೇ?

ಒಂದು ರಜೆಯಲ್ಲಿ ಭಾವ ನನ್ನನ್ನು ಕಾವಲಿಗಿಟ್ಟು ಮೀನು ತೂಗಿಸಲು ಹೋದ. ಕೆಲಸ ಇಷ್ಟೇ: ಮಿಷನಿನ ಹಿಂದಿನಿಂದ ಪೆನ್ಸಿಲ್ ದಪ್ಪದ ಒಂದು ಧಾರೆ ಚಿಮ್ಮುತ್ತದೆ, ಮಕ್ಕಳು ಅದಕ್ಕಿಟ್ಟ ಹೆಸರು ಬರೆಯುವಂಥದ್ದಲ್ಲ. ಅದು ನಿಂತರೆ ಮಿಷನ್ ನಿಲ್ಲಿಸಬೇಕು. ಎದುರಿನ ಗೂಟದ ಮೇಲೆ ಮಿಂಚುಳ್ಳಿಯೊಂದು ಬಂದು ಕೂತಿತು. ನಾನು ಅದನ್ನು ನೋಡಿದೆ. ಅಷ್ಟರಲ್ಲಿ ಕರೆಂಟು ಹೋಯಿತು, ಪಂಪ್ ನಿಂತಿತು, ಧಾರೆ ಹನಿಯಾಯಿತು. ಸುಟ್ಟ ರಬ್ಬರಿನ ವಾಸನೆ ಬಂದಾಗಲೂ ಯಾರದೋ ಮನೆಯಲ್ಲಿ ಟಯರ್ ಸುಡುತ್ತಿದ್ದಾರೆಂದೇ ಅಂದುಕೊಂಡೆ. ಒಳಗೆ ನೀರೆತ್ತುವ ಹೂವಿನಂಥ ಇಂಪೆಲ್ಲರ್ ಇದೆ. ನೀರಿಲ್ಲದೆ ತಿರುಗಿದರೆ ಅದರ ಎಸಳುಗಳು ಉಳಿಯುವುದಿಲ್ಲ ಎಂಬ ಪಾಠ ಈ ಮೇಷ್ಟ್ರಿಗೆ ಅಂದೇ ಆದದ್ದು. ಭಾವ ಬಂದು ಮೂಸಿದ. ಬೈಯಲಿಲ್ಲ. ಒಳಗೆ ತಿರುಗಿ ಅಕ್ಕನಿಗೆ, "ಮೇಷ್ಟ್ರಿಗ್ ಆಸ್ರಿಗೆ ಕೊಡ್, ಕಾದಿರ್" ಎಂದ.

ಅಕ್ಕನ ತಕರಾರು ಬೇರೆಯದೇ. ಸೌಪರ್ಣಿಕಾ, ವಾರಾಹಿ, ಚಕ್ರಾ ಸೇರಿ ಐದು ಹೊಳೆಗಳು ಕೂಡಿ ಪಂಚಗಂಗಾವಳಿಯಾಗಿ ಕಡಲಿಗೆ ಬೀಳುವ ಊರು ಇದು. ಮಳೆಗಾಲದಲ್ಲಿ ಹೊಳೆಯೇ ಸಿಹಿಯಾಗಿ ದೋಣಿಯ ಬುಡಕ್ಕೆ ಬರುತ್ತದೆ. ಮೇ ತಿಂಗಳಲ್ಲಿ ಮಾತ್ರ ಉಪ್ಪು ಮೇಲೇರಿ ಬಾವಿಗೂ ಬಾಯಿ ಹಾಕುತ್ತದೆ. ಟ್ಯಾಂಕರಿನ ನೀರನ್ನು ಬಿಂದಿಗೆ ಲೆಕ್ಕದಲ್ಲಿ ಖರ್ಚು ಮಾಡಬೇಕು. ಆಗಲೂ ಒಂದು ಡ್ರಮ್ಮು ಮಿಷನಿಗೆ ಮೀಸಲು. ಆ ಡ್ರಮ್ಮಿನಿಂದ ಒಂದು ಚೊಂಬು ತೆಗೆದು ಮಲ್ಲಿಗೆ ಗಿಡಕ್ಕೆ ಹಾಕಿದ್ದಕ್ಕೆ ಮೂರು ದಿನ ಆ ಮನೆಯಲ್ಲಿ ಮಾತಿರಲಿಲ್ಲ.

ಹಾಗಾಗಿ ಬೇಸಗೆಯಲ್ಲಿ ಗಂಗೊಳ್ಳಿಗೆ ಬರುವವರು ದಯವಿಟ್ಟು ದೋಣಿ ಬರುವ ಮೊದಲೇ ಬನ್ನಿ. ಆಮೇಲೆ ಬಂದರೆ ಬೆಲ್ಲಕ್ಕೇನೂ ಕೊರತೆಯಿಲ್ಲ.