ಎಲ್ಲರೂ ಹೂಂ ಅಂದ ಮೇಲೆ

ವೆಬ್‌ಸೈಟ್ ಕಟ್ಟುವವರ ಸಂತೋಷವನ್ನು ಮನೆಯವರಿಗೆ ವಿವರಿಸುವುದು ಕಷ್ಟ. ಬಡ್ತಿ ಸಿಕ್ಕರೆ ಹೇಳಬಹುದು, ಬೋನಸ್ ಬಂದರಂತೂ ಹೇಳದೆ ವಿಧಿಯಿಲ್ಲ. ಆದರೆ 2023ರ ಡಿಸೆಂಬರಿನಲ್ಲಿ ಫೈರ್‌ಫಾಕ್ಸ್‌ನ 121ನೇ ಆವೃತ್ತಿ ಬಂದಾಗ ನನಗಾದ ಹಿಗ್ಗನ್ನು ಯಾರ ಮುಂದೆ ತೋಡಿಕೊಳ್ಳಲಿ? "ಹ್ಯಾಸ್ ಈಗ ಎಲ್ಲಾ ಬ್ರೌಸರ್‌ಗೂ ಬಂತು ಕಣೇ" ಎಂದೆ. "ಇಷ್ಟು ದಿನ ಎಲ್ಲಿತ್ತು?" ಎಂದಳು ಹೆಂಡತಿ, ಸೊಪ್ಪು ಸೋಸುತ್ತಾ. ಕೇಳಬೇಕಾದ ಪ್ರಶ್ನೆಯನ್ನೇ ಕೇಳಿದ್ದಳು.

ಪುಟಕ್ಕೆ ಬಣ್ಣ, ಅಳತೆ, ಜಾಗ ಕೊಡುವ ಸಿಎಸ್‌ಎಸ್‌ನಲ್ಲಿ ಒಂದು ವಂಶಾವಳಿ ಇದೆ. ಹೊರಗಿನ ಪೆಟ್ಟಿಗೆ ಪೇರೆಂಟ್, ಒಳಗಿನದು ಚೈಲ್ಡ್. ಅಪ್ಪ ಹೀಗಿದ್ದರೆ ಮಗ ಹಾಗಿರಲಿ ಎಂದು ಬರೆಯಲು ಮೊದಲಿನಿಂದಲೂ ಸಾಧ್ಯವಿತ್ತು. ಮಗ ಹೀಗಿದ್ದಾನೆ, ಆದ್ದರಿಂದ ಅಪ್ಪ ಸ್ವಲ್ಪ ಬದಲಾಗಲಿ ಎನ್ನಲು ಮಾತ್ರ ಅವಕಾಶವಿರಲಿಲ್ಲ. ಹ್ಯಾಸ್ ಕೊಡುವುದು ಈ ಅವಕಾಶವನ್ನೇ. ಸಂಪ್ರದಾಯಸ್ಥ ಭಾಷೆ ಎಂದು ನಗಬೇಡಿ, ಕಾರಣವಿತ್ತು. ಪುಟ ಮೇಲಿನಿಂದ ಕೆಳಕ್ಕೆ ಬರುತ್ತಾ ಇರುತ್ತದೆ. ಅಪ್ಪ ಆಗಲೇ ಪರದೆಯ ಮೇಲೆ ಬಂದು ಕೂತಿರುತ್ತಾನೆ, ಮಗ ಇನ್ನೂ ದಾರಿಯಲ್ಲಿರುತ್ತಾನೆ. ಒಬ್ಬೊಬ್ಬ ಮಗ ಬಂದಾಗಲೂ ಹಿಂದಕ್ಕೆ ಹೋಗಿ ಅಪ್ಪ, ಅಜ್ಜ, ಮುತ್ತಜ್ಜನ ಬಣ್ಣವನ್ನೆಲ್ಲ ಮರುಪರಿಶೀಲಿಸುತ್ತ ಕೂತರೆ ಬ್ರೌಸರ್ ಏದುಸಿರು ಬಿಡುತ್ತದೆ. ಹಾಗಾಗಿ ಇದು ಆಗದ ಮಾತು ಎಂದು ವರ್ಷಗಟ್ಟಲೆ ಎಲ್ಲರೂ ನಂಬಿದ್ದರು. ಕೊನೆಗೆ 2022ರ ಮಾರ್ಚಿನಲ್ಲಿ ಸಫಾರಿ ಮಾಡಿ ತೋರಿಸಿತು, ಆಗಸ್ಟಿನಲ್ಲಿ ಕ್ರೋಮ್ ಹಿಂಬಾಲಿಸಿತು. ಫೈರ್‌ಫಾಕ್ಸ್ ಮುಂದಿನ ವರ್ಷದ ಕೊನೆಯವರೆಗೆ ಯೋಚಿಸಿತು.

ಮದುವೆ ಮಾತುಕತೆಯ ಕಥೆಯೇ ಇದು. ಹುಡುಗ ಹುಡುಗಿ ಒಪ್ಪಿ ಕಾಫಿ ಕುಡಿದಾಗಿರುತ್ತದೆ. ಮೂಲೆಯ ಕುರ್ಚಿಯಲ್ಲಿ ಒಬ್ಬ ದೊಡ್ಡಪ್ಪ ಮಾತ್ರ ಇನ್ನೂ ಹೂಂ ಅಂದಿರುವುದಿಲ್ಲ. ವೆಬ್ಬಿನಲ್ಲಿ ಈಗ ಲೆಕ್ಕಕ್ಕಿರುವ ಎಂಜಿನ್‌ಗಳು ಮೂರೇ: ಕ್ರೋಮಿನ ಬ್ಲಿಂಕ್, ಫೈರ್‌ಫಾಕ್ಸಿನ ಗೆಕ್ಕೊ, ಸಫಾರಿಯ ವೆಬ್‌ಕಿಟ್. ಮೈಕ್ರೋಸಾಫ್ಟಿನ ಎಡ್ಜ್ 2020ರಲ್ಲಿ ಕ್ರೋಮಿನ ಬಣ ಸೇರಿತು. ಆದರೆ ದೊಡ್ಡಪ್ಪನ ಪಾತ್ರ ಒಬ್ಬರಿಗೇ ಮೀಸಲಲ್ಲ. ಒಳಪೆಟ್ಟಿಗೆಯನ್ನು ಹೊರಪೆಟ್ಟಿಗೆಯ ಗೆರೆಗಳಿಗೇ ಹೊಂದಿಸುವ ಸಬ್‌ಗ್ರಿಡ್ ವಿಷಯದಲ್ಲಿ ಫೈರ್‌ಫಾಕ್ಸ್ 2019ಕ್ಕೇ ತಯಾರಾಗಿ ನಿಂತಿತ್ತು. ಕ್ರೋಮ್ ಮನಸ್ಸು ಮಾಡಿದ್ದು 2023ರ ಸೆಪ್ಟೆಂಬರಿನಲ್ಲಿ. ಡೈಲಾಗ್ ಎಂಬ ಸಣ್ಣ ಸಂವಾದ ಪೆಟ್ಟಿಗೆಯನ್ನು ಕ್ರೋಮ್ 2014ರಲ್ಲೇ ತಂದಿತ್ತು; ಉಳಿದಿಬ್ಬರು 2022ರವರೆಗೆ ಅದರ ಮುಖ ನೋಡಲಿಲ್ಲ. ಅಪರೂಪಕ್ಕೆ ಮುಹೂರ್ತ ಕೂಡಿಬರುವುದೂ ಉಂಟು. 2017ರ ಮಾರ್ಚ್ ಎಂಬ ಒಂದೇ ತಿಂಗಳಲ್ಲಿ, ಪುಟವನ್ನು ಅಡ್ಡ ಉದ್ದ ಸಾಲುಗಳಲ್ಲಿ ಜೋಡಿಸುವ ಗ್ರಿಡ್ ಮೂರೂ ಕಡೆ ಬಂದಿತ್ತು. ಆ ತಿಂಗಳನ್ನು ನಮ್ಮ ಕಸುಬಿನವರು ಈಗಲೂ ನೆನೆಯುತ್ತಾರೆ.

ಎಲ್ಲರೂ ಒಪ್ಪಿದರು ಎಂದು ಸಾರುವುದಕ್ಕೂ ಈಗ ಒಂದು ಏರ್ಪಾಡಿದೆ. 2023ರಲ್ಲಿ ಬಂದ ಅದರ ಹೆಸರು ಬೇಸ್‌ಲೈನ್. ಕೊನೆಯ ಬ್ರೌಸರ್ ಹೂಂ ಅಂದ ದಿನ ಆ ಸವಲತ್ತು 'ಹೊಸದಾಗಿ ಲಭ್ಯ'. ಅಲ್ಲಿಂದ ಮೂವತ್ತು ತಿಂಗಳು ಕಳೆದರೆ 'ವ್ಯಾಪಕವಾಗಿ ಲಭ್ಯ'. ನಡುವಿನ ಎರಡೂವರೆ ವರ್ಷ, ಫೋನು ಕಂಪ್ಯೂಟರುಗಳನ್ನು ಅಪ್‌ಡೇಟ್ ಮಾಡದೆ ಇಟ್ಟುಕೊಂಡವರಿಗಾಗಿ. ಉದಾರವಾದ ಗಡುವು ಅನ್ನಿಸಬಹುದು. ನಮ್ಮ ಭಾವನ ಫೋನು ನೋಡಿದವರಿಗೆ ಹಾಗನ್ನಿಸುವುದಿಲ್ಲ.

ನಿಜ ಹೇಳಬೇಕೆಂದರೆ, ಸವಲತ್ತು ಬರುವ ಹೊತ್ತಿಗೆ ಅದರ ಅಗತ್ಯ ಮುಗಿದಿರುತ್ತದೆ. ಹ್ಯಾಸ್ ಇಲ್ಲದ ಕಾಲದಲ್ಲಿ ನಾವೇನು ಕೈಕಟ್ಟಿ ಕೂತಿದ್ದೆವೇ? ಮಗ ಬಂದೊಡನೆ ಅಪ್ಪನಿಗೆ ಚೀಟಿ ಅಂಟಿಸುವ ಜಾವಾಸ್ಕ್ರಿಪ್ಟ್ ಬರೆದು ಕೆಲಸ ಸಾಗಿಸುತ್ತಿದ್ದೆವು. ಆ ಕೋಡ್ ಈಗಲೂ ಓಡುತ್ತಿದೆ. ಅದನ್ನು ಅಳಿಸಿ ಹೊಸ ಒಂದು ಸಾಲು ಬರೆಯಲು ಮನಸ್ಸಿದೆ, ಧೈರ್ಯವಿಲ್ಲ. ಪೆಟ್ಟಿಗೆಯ ನಟ್ಟನಡುವೆ ಒಂದು ಸಾಲು ಕೂರಿಸುವ ವಿದ್ಯೆಯೂ ಹಾಗೆಯೇ. ಟೇಬಲ್, ಮೈನಸ್ ಮಾರ್ಜಿನ್, ಫ್ಲೆಕ್ಸ್ ಎಂದು ಏನೇನೋ ಸರ್ಕಸ್ಸು ಮಾಡಿ ಕಲಿತದ್ದು. 2024ರಲ್ಲಿ ಅದಕ್ಕೆ ಒಂದೇ ಪದ ಸಾಕಾಯಿತು. ಆಫೀಸಿನ ಹೊಸ ಹುಡುಗಿ, "ಇದರಲ್ಲಿ ಕಷ್ಟ ಏನಿತ್ತು ಸರ್?" ಎನ್ನುತ್ತಾಳೆ. ಕಷ್ಟಪಟ್ಟವನಿಗೆ ಈ ಪ್ರಶ್ನೆಗಿಂತ ದೊಡ್ಡ ಶಿಕ್ಷೆ ಬೇರೆ ಬೇಕೆ?

ಕನ್ನಡದವರಿಗೆ ಈ ಕಾಯುವಿಕೆ ಒಂದು ಕೈ ಜಾಸ್ತಿಯೇ. ತೊಂಬತ್ತರ ದಶಕದ ಕೊನೆಯಲ್ಲಿ ಪುಟದ ಜೊತೆಗೇ ಫಾಂಟ್ ಕಳಿಸಲು ಮೈಕ್ರೋಸಾಫ್ಟಿನದೊಂದು ದಾರಿ, ನೆಟ್‌ಸ್ಕೇಪಿನದು ಇನ್ನೊಂದು. ಎರಡನ್ನೂ ನೆಚ್ಚಲಾಗದ ತಾಣಗಳು 'ಮೊದಲು ಫಾಂಟ್ ಇಳಿಸಿಕೊಳ್ಳಿ' ಎಂದು ಬಾಗಿಲಲ್ಲೇ ಬೋರ್ಡು ಹಾಕಿದ್ದವು. ಫಾಂಟಿನ ಜಗಳ 2010ರ ಹೊತ್ತಿಗೆ ಬಹುಮಟ್ಟಿಗೆ ತೀರಿತು, ಅಕ್ಷರ ಎಣಿಸುವ ಜಗಳ ಉಳಿಯಿತು. 'ಸ್ತ್ರೀ' ಎಂಬುದು ಎಷ್ಟು ಅಕ್ಷರ ಎಂದು ಒಂದನೇ ತರಗತಿಯ ಮಗುವನ್ನು ಕೇಳಿದರೆ ಒಂದು ಎನ್ನುತ್ತದೆ. ಜಾವಾಸ್ಕ್ರಿಪ್ಟ್ ಆರು ಎನ್ನುತ್ತದೆ. ಅದರ ಮಾತು ಕೇಳಿ ಶೀರ್ಷಿಕೆಗಳನ್ನು ಮೊಟಕುಗೊಳಿಸಿದರೆ 'ರಾಷ್ಟ್ರ' ಹೋಗಿ 'ರಾಷ್' ಎಂದು ನಿಂತು, ಮುಂದೆ ಮೂರು ಚುಕ್ಕಿ ಬೀಳುತ್ತವೆ. ಪದ ಎಲ್ಲಿ ಮುಗಿಯುತ್ತದೆಂದು ನೋಡಿ ಕತ್ತರಿಸಲು ನೆರವಾಗುವ ಸೆಗ್ಮೆಂಟರ್ ಕ್ರೋಮಿಗೆ 2020ರಲ್ಲಿ, ಫೈರ್‌ಫಾಕ್ಸಿಗೆ 2024ರ ಏಪ್ರಿಲ್‌ನಲ್ಲಿ ಬಂತು. ಇದಕ್ಕೆ ಮಾತ್ರ ಹಳೆಯ ಕೋಡನ್ನು ಹಿಂದೆಮುಂದೆ ನೋಡದೆ ಅಳಿಸಿದೆ.

ಇಷ್ಟೆಲ್ಲ ವಿದ್ಯೆ ಹೊತ್ತುಕೊಂಡು ಮೊನ್ನೆ ಒಬ್ಬ ಗಿರಾಕಿಯ ಮುಂದೆ ಕೂತಿದ್ದೆ. ಗ್ರಿಡ್ ತೋರಿಸಿದೆ, ಹ್ಯಾಸ್ ತೋರಿಸಿದೆ. ಅವರು ಸಾವಧಾನವಾಗಿ ನೋಡಿ, "ಮೇಲ್ಗಡೆ ಅಕ್ಷರ ಹಿಂಗೆ ಓಡ್ತಾ ಹೋಗುತ್ತಲ್ಲ ಸಾರ್, ಅದು ಬರುತ್ತಾ?" ಎಂದರು. ಮಾರ್ಕೀ! ಇಂಟರ್ನೆಟ್ ಎಕ್ಸ್‌ಪ್ಲೋರರ್ ತಂದ ಕೂಸು. ಬಳಸಕೂಡದು ಎಂದು ಎಚ್‌ಟಿಎಂಎಲ್ ನಿಯಮಾವಳಿಯೇ ಹೇಳುತ್ತದೆ, ಬ್ರೌಸರ್‌ಗಳು ಅದನ್ನು ಓಡಿಸಲೇಬೇಕು ಎಂದೂ ಅದೇ ನಿಯಮಾವಳಿ ಹೇಳುತ್ತದೆ.

"ಎಲ್ಲಾ ಮೊಬೈಲಲ್ಲೂ ಓಡುತ್ತಾ?"

"ಓಡುತ್ತೆ ಸಾರ್" ಎಂದೆ, ಯಾವ ಪಟ್ಟಿಯನ್ನೂ ತೆರೆದು ನೋಡದೆ.

"ಪಕ್ಕದಲ್ಲಿ ಹೊಸದು ಅಂತ ಮಿನುಗಬೇಕು."

ಮಿನುಗಿಸುವ ಬ್ಲಿಂಕ್ ಟ್ಯಾಗನ್ನು ಫೈರ್‌ಫಾಕ್ಸ್ 2013ರಲ್ಲಿ ಕಿತ್ತುಹಾಕಿತು. ಅದೇ ವರ್ಷ ಕ್ರೋಮ್ ತನ್ನ ಎಂಜಿನ್ನಿಗೆ ಬ್ಲಿಂಕ್ ಎಂದು ಹೆಸರಿಟ್ಟಿತು. ಅದಕ್ಕೂ ಆ ಟ್ಯಾಗ್ ಮಿನುಗಿಸಲು ಬರುವುದಿಲ್ಲ. ಇದನ್ನೆಲ್ಲ ಅವರಿಗೆ ಹೇಳಲು ಬಾಯಿ ತೆರೆದವನು ಸುಮ್ಮನಾದೆ.

"ಅದಕ್ಕೆ ಜಿಫ್ ಚಿತ್ರ ಹಾಕ್ತೀನಿ ಸಾರ್. ಕೆಂಪೋ, ಹಳದಿಯೋ?"

"ಎರಡೂ ಹಾಕಿ" ಎಂದರು.