ಕಾಲು ಬೆಲೆ ಸಾಹೇಬ್ರು

ಕಾಡಂಚಿನ ಯಾವ ಊರಿಗೆ ಹೋದರೂ ಇಂಥವರೊಬ್ಬರು ಇದ್ದೇ ಇರುತ್ತಾರೆ. ಬೆಂಗಳೂರಿನಲ್ಲಿ ನಿವೃತ್ತರಾಗಿ, ಇಲ್ಲಿ ಎರಡೆಕರೆ ಕೊಂಡು, ತಂತಿಬೇಲಿ ಹಾಕಿಸಿ, ಗೇಟಿಗೆ ಮೊಮ್ಮಗಳ ಹೆಸರು ಬರೆಸಿದವರು. ವೀರನಹೊಸಹಳ್ಳಿಯ ಪಾಲಿಗೆ ಬಂದವರನ್ನು ಊರವರು ಎದುರಿಗೆ ‘ಇಂಜಿನೇರ್ ಸಾಹೇಬ್ರು’ ಎನ್ನುತ್ತಾರೆ, ಬೆನ್ನ ಹಿಂದೆ ‘ಕಾಲು ಬೆಲೆ ಸಾಹೇಬ್ರು’. ಹೊಸ ಸಾಮಾನು ಕೊಳ್ಳುವವನು ಶುದ್ಧ ದಡ್ಡ ಎಂಬುದು ಅವರ ಸಿದ್ಧಾಂತ. ಜನರೇಟರು, ಬೋರ್‌ವೆಲ್ ಮೋಟಾರು, ಹಲ್ಲಿನ ಡಾಕ್ಟರ ಕುರ್ಚಿ ಎಲ್ಲವೂ ಕಾಲು ಬೆಲೆಗೆ ಬಂದವು. ಕುರ್ಚಿ ಯಾಕೆ ಎಂದು ಕೇಳಬೇಡಿ. ಪೇಪರ್ ಓದಲು ಬಲು ಹಿತವಂತೆ. ನನಗಂತೂ ಈ ಜಾತಿಯವರ ಮೇಲೆ ಗೌರವವೇ. ಇವರಿಲ್ಲದಿದ್ದರೆ ಹುಣಸೂರಿನ ಅರ್ಧ ಮೆಕ್ಯಾನಿಕ್‌ಗಳು ಉಪವಾಸ ಬೀಳುತ್ತಿದ್ದರು.

ಇಂಥವರಿಗೆ ಕೇರಳದ ಕಡೆಯಿಂದ ಒಂದು ಹಾಯಿದೋಣಿ ಸಿಕ್ಕಿತು. ಲೇಸರ್ ಅಂತ ಹೆಸರು. ನಾಲ್ಕು ಮೀಟರ್ ಚಿಲ್ಲರೆ ಉದ್ದ, ಫೈಬರ್ ಒಡಲು, ಒಂದೇ ಹಾಯಿ. 1996ರಿಂದ ಒಲಿಂಪಿಕ್ಸಿನಲ್ಲಿರುವ ಮಾದರಿ.

“ರೀ, ನಿಮಗೆ ಈಜು ಬರುತ್ತಾ?” ಎಂದರು ಮನೆಯವರು.

ಉತ್ತರವಾಗಿ ಬಂದದ್ದು ‘ತೃಷ್ಣಾ’ದ ಚರಿತ್ರೆ. ನಮ್ಮ ಸೇನೆಯ ಎಂಜಿನಿಯರ್‌ಗಳು ಇಂಗ್ಲೆಂಡಿನಲ್ಲಿ ಹಳೆಯದೊಂದು ಹಾಯಿದೋಣಿ ಕೊಂಡು ತಂದು, 1985ರ ಸೆಪ್ಟೆಂಬರಿನಲ್ಲಿ ಮುಂಬಯಿಯಿಂದ ಹೊರಟು, ಭೂಮಿ ಸುತ್ತಿ, 1987ರ ಜನವರಿಯಲ್ಲಿ ವಾಪಸ್ ಬಂದರು. “ಅದೂ ಸೆಕೆಂಡ್ ಹ್ಯಾಂಡೇ ಕಣೇ!” ಎಂದರು ಸಾಹೇಬರು. ಈಜಿನ ಮಾತು ಅಲ್ಲಿಗೆ ಮುಗಿಯಿತು.

ಹಳೇ ಫೈಬರ್ ದೋಣಿ ಕೊಳ್ಳುವುದಕ್ಕೆ ಕ್ರಮವಿದೆ. ಹಲಸಿನಹಣ್ಣು ನೋಡುವಂತೆ ಬೆರಳಿನಿಂದ ತಟ್ಟಬೇಕು. ಟಣ್ ಎಂದರೆ ಸರಿ, ಬದ್ ಎಂದರೆ ಒಳಪದರ ಬಿಟ್ಟಿದೆ. ಮೇಲೆ ಕಾಲಿಟ್ಟರೆ ಕುಸಿಯಬಾರದು. ಮುಖ್ಯವಾಗಿ ತೂಕ ಹಾಕಬೇಕು. ಸಾಹೇಬರು ತಟ್ಟಲೂ ಇಲ್ಲ, ತೂಗಲೂ ಇಲ್ಲ, ರೇಟು ಇಳಿಸುವುದರಲ್ಲೇ ಮಗ್ನರಾಗಿದ್ದರು. ಅದರಲ್ಲಿ ಗೆದ್ದು, ಪಿಕಪ್ಪಿನಲ್ಲಿ ಹೇರಿಸಿ, ಮಾನಂದವಾಡಿ, ಕುಟ್ಟ ದಾಟಿ ನಾಗರಹೊಳೆ ಕಾಡಿಗೆ ನುಗ್ಗಿಸಿದರು.

ಆ ರಸ್ತೆಯಲ್ಲಿ ಒಂದು ಕಡೆಯ ಗೇಟಿನಲ್ಲಿ ಹೊತ್ತು ಬರೆದು ಚೀಟಿ ಕೊಡುತ್ತಾರೆ, ಇನ್ನೊಂದು ಕಡೆ ಅದನ್ನು ನೋಡುತ್ತಾರೆ. ನಡುವೆ ಇಳಿಯುವಂತಿಲ್ಲ. ಹಾಯಿಯ ಹಗ್ಗ ಸಡಿಲವಾಗಿದ್ದು ಸರಿಯಾಗಿ ನಡುವೆಯೇ. ಏಳು ಚದರ ಮೀಟರ್ ಬಿಳಿ ಬಟ್ಟೆ ಪಟಪಟ ಬಡಿದುಕೊಳ್ಳುತ್ತ, ದಾರಿಯುದ್ದಕ್ಕೂ ಜಿಂಕೆಗಳನ್ನು ಚೆದುರಿಸುತ್ತ, ಗಾಡಿ ವೀರನಹೊಸಹಳ್ಳಿ ಗೇಟಿಗೆ ಬಂದು ನಿಂತಿತು.

“ಏನ್ ಸಾ ಇದು?”

“ದೋಣಿ ಕಣಪ್ಪ.”

“ಕಾಡೊಳ್ಗಿಂದ ದೋಣಿ ಬತ್ತದಾ?”

ತೇಗ, ಬೀಟೆ ಸಾಗಿಸುವವರನ್ನು ಹಿಡಿದು ಅಭ್ಯಾಸವಿದ್ದ ಗಾರ್ಡಿಗೆ ಅಲ್ಯೂಮಿನಿಯಂ ಕಂಬದ ಮೇಲೆ ಅನುಮಾನ. ಈ ತುದಿಯಿಂದ ಅವನು, ಆ ತುದಿಯಿಂದ ಅವನ ಜೊತೆಗಾರ ಬಗ್ಗಿ ಇಣುಕಿದರು. ಒಬ್ಬರ ಕಣ್ಣು ಒಬ್ಬರಿಗೆ ಕಂಡ ಮೇಲೆಯೇ ಸಮಾಧಾನ.

ದೋಣಿ ಇಳಿದದ್ದು ನೆರೆಯವರ ತಂಬಾಕಿನ ಬ್ಯಾರನ್ ಪಕ್ಕದಲ್ಲಿ. ಬೇಲ್ ತೂಗುವ ಕಾಟಾದ ಮೇಲಿಟ್ಟರೆ, 59 ಕಿಲೋ ಇರಬೇಕಾದ ಒಡಲು 70 ದಾಟಿತು. ಹೆಚ್ಚಿನದೆಲ್ಲ ಕೇರಳದ ನೀರು. ಹಿಂಬದಿಯ ಬಿರಡೆ ಇರಲಿಲ್ಲ. ನಡುವೆ ನೀರಿಗಿಳಿಸುವ ಹಲಗೆಯೂ ಇರಲಿಲ್ಲ. ಅದಿಲ್ಲದಿದ್ದರೆ ಗಾಳಿಗೆ ದೋಣಿ ಮುಂದೆ ಹೋಗದೆ ಏಡಿಯ ಹಾಗೆ ಅಡ್ಡಡ್ಡ ಸರಿಯುತ್ತದೆ. ಹುಣಸೂರಿನ ಬಡಗಿ ತೇಗದಲ್ಲಿ ಹಲಗೆ ಮಾಡಿಕೊಟ್ಟ. ಅಂಚಿಗೆ ಹೂಬಳ್ಳಿ ಕೆತ್ತಿದ್ದ. ಕೆತ್ತನೆಗೆ ಬೇರೆ ಕೂಲಿ.

ಇಷ್ಟಾದ ಮೇಲೆ ದೋಣಿಗೆ ನೀರು ಹುಡುಕುವ ಯೋಚನೆ ಬಂತು. ಕಬಿನಿ ಹಿನ್ನೀರಿನ ದಡದಲ್ಲಿ ಆನೆಗಳದೇ ದರ್ಬಾರು. ಹನಗೋಡಿನ ಲಕ್ಷ್ಮಣತೀರ್ಥ ಹರಿದು ಹೋಗಿ ಸಾಗರಕಟ್ಟೆಯ ಬಳಿ ಕೆಆರ್‌ಎಸ್ ಹಿನ್ನೀರು ಸೇರುತ್ತದಲ್ಲ, ತೇಲಿಬಿಟ್ಟರೆ ಬಾಡಿಗೆ ಉಳಿಯುತ್ತದೆ ಎಂದು ಲೆಕ್ಕ ಹಾಕಿದರು. ಹನಗೋಡು ಕಟ್ಟೆ, ಕಟ್ಟೆಮಳಲವಾಡಿ ಕಟ್ಟೆ ಎರಡನ್ನೂ ದೋಣಿ ಹೇಗೆ ಹಾರುತ್ತದೆ ಎಂದು ಬಡಗಿಯೇ ಕೇಳಿದ. ಮತ್ತೆ ಪಿಕಪ್ಪು, ಮತ್ತೆ ಬಾಡಿಗೆ.

ಸಾಗರಕಟ್ಟೆಯ ಕಡೆ ಹರಿಗೋಲಿನವರು ಹಗ್ಗ ಕಟ್ಟುವ ಹೊಂಗೆಮರವೊಂದಿದೆ. ಸಾಹೇಬರು ಅದಕ್ಕೆ ‘ಮರೀನಾ’ ಎನ್ನುತ್ತಾರೆ. ಮಳೆಗಾಲದಲ್ಲಿ ಅಣೆಕಟ್ಟೆ 124.80 ಅಡಿ ತುಂಬಿ, ಮುಖ್ಯಮಂತ್ರಿಗಳು ಬಾಗಿನ ಕೊಟ್ಟಾಗ ನೀರು ಮರದ ಬುಡಕ್ಕೇ ಬಂದಿತ್ತು. ಆದರೆ ಬಿರಡೆ, ಹಲಗೆ, ಅನುಮತಿ ಪತ್ರ ಎಲ್ಲ ಕೂಡಿಬರುವಷ್ಟರಲ್ಲಿ ಶಿವರಾತ್ರಿ ಕಳೆದು, ನೀರು ದೂರ ಸರಿದು, ನಡುವೆ ಬರೀ ಕೆಸರು, ಹಸುರು, ದನ.

ದನ ಮೇಯಿಸುವವನೊಬ್ಬ ದೋಣಿಯನ್ನು ಸುತ್ತುಹಾಕಿ ನೋಡಿದ.

“ಕೊಡ್ತೀರಾ ಸಾ? ಕೊಯ್ದು ತೊಟ್ಟಿ ಮಾಡ್ಕತೀನಿ, ದನ ನೀರು ಕುಡಿಯಕ್ಕೆ.”

ಸಾಹೇಬರು ಮೈಯೆಲ್ಲ ಉರಿದು, “ಹೊಸಾ ಲೇಸರ್‌ಗೆ ಏನು ರೇಟು ಗೊತ್ತೇನಯ್ಯಾ?” ಎಂದು ಪೂರಾ ಬೆಲೆ ಹೇಳಿದರು.

ಅವನು ಬಗ್ಗಿ, ಬೆರಳ ಗೆಣ್ಣಿನಿಂದ ಒಡಲನ್ನು ಎರಡು ಸಲ ತಟ್ಟಿ, ಕಿವಿಗೊಟ್ಟ.

“ಬದ್ ಅಂತದೆ ಸಾ,” ಎಂದ.